ಗೈರೋ (ವಿಮಾನ ಓಲಾಡಿದರೆ ತಾನಾಗಿ ಸರಿಪಡಿಸುವ ಸಾಧನ) ಇರುವ ರಿಸೀವರ್ ಹಾಕಿದರೆ ಮೊದಲ ಆರ್‌ಸಿ (ರಿಮೋಟಿನಿಂದ ಹಾರಿಸುವ) ವಿಮಾನವನ್ನು ಮನೆ ಹಿಂದಿನ ಗದ್ದೆಯಲ್ಲೇ ಧೈರ್ಯವಾಗಿ ಹಾರಿಸಬಹುದಾ?

ಶಿವಮೊಗ್ಗದ ಹತ್ತಿರ, ಮನೆ ಹಿಂದಿನ ಗದ್ದೆ, ಮೊದಲ ವಿಮಾನ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮನ ಮನೆ ಅಂಗಳ ಕಣ್ಣ ಮುಂದೆ ಬಂತು.

ಜನವರಿ ತಿಂಗಳು. ಭತ್ತದ ಕೊಯ್ಲು ಮುಗಿದು ಗದ್ದೆ ಬಯಲು ಖಾಲಿ ಬಿದ್ದಿತ್ತು. ಅಡಿಕೆ ಕೆಲಸ ಇನ್ನೂ ನಡೀತಿತ್ತು, ಅಂಗಳದ ತುಂಬ ಬೇಯಿಸಿದ ಅಡಿಕೆ. ನನ್ನ ಹತ್ತಿರ ಎರಡು ಫೋಮ್ ವಿಮಾನ ಇದ್ದವು. ಒಂದು ನಾನೇ ಕತ್ತರಿಸಿ ಅಂಟಿಸಿದ್ದು, ಇನ್ನೊಂದು ಕೊಂಡದ್ದು. ಎರಡಕ್ಕೂ ಒಂದೇ ರಿಮೋಟ್. ಒಂದೊಂದು ವಿಮಾನದ ಸೆಟ್ಟಿಂಗನ್ನೂ ರಿಮೋಟ್ ಬೇರೆ ಬೇರೆ ಹೆಸರಲ್ಲಿ ಉಳಿಸಿಕೊಳ್ಳುತ್ತದೆ. ನಾನು ಮಾಡಿದ ವಿಮಾನದಲ್ಲಿ ಸರ್ವೋ (ಪಟ್ಟಿ ಆಡಿಸುವ ಪುಟ್ಟ ಮೋಟಾರ್) ಕೂರಿಸಿದ ರೀತಿಯಿಂದ ಐಲೆರಾನ್, ಅಂದರೆ ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ, ಉಲ್ಟಾ ಆಡುತ್ತಿತ್ತು, ಅದಕ್ಕೇ ಅದರ ಸೆಟ್ಟಿಂಗಲ್ಲಿ ದಿಕ್ಕು ತಿರುಗಿಸಿಟ್ಟಿದ್ದೆ. ಆವತ್ತು ಒಯ್ದದ್ದು ಕೊಂಡ ವಿಮಾನ. ರಿಮೋಟಿನ ಪರದೆ ಮೇಲೆ ಇದ್ದದ್ದು ಇನ್ನೊಂದರ ಹೆಸರು. ನಾನು ಓದಲಿಲ್ಲ.

ಪರೀಕ್ಷೆ ಮಾಡಲಿಲ್ಲ ಅಂತಲ್ಲ, ಮಾಡಿದೆ. ತಪ್ಪು ಇದ್ದದ್ದು ಅಲ್ಲೇ, ಅದಕ್ಕೇ ಬಿಡಿಸಿ ಹೇಳ್ತೀನಿ. ವಿಮಾನವನ್ನು ಬದುವಿನ ಮೇಲೆ ನನ್ನ ಕಡೆ ಮೂತಿ ಮಾಡಿ ಇಟ್ಟಿದ್ದೆ. ಸ್ಟಿಕ್ ಅಲ್ಲಾಡಿಸಿದೆ. ರೆಕ್ಕೆಯ ಹಿಂದಿನ ಅಂಚಿನ ಪಟ್ಟಿಗಳು ಟಕ್ಕಂತ ಆಡಿದವು. ಆಡ್ತಿದೆ, ಸಾಕು ಅಂದುಕೊಂಡೆ. ಯಾವ ಕಡೆ ಆಡ್ತಿದೆ ಅಂತ ನೋಡಲಿಲ್ಲ. ಎದುರಿಗೆ ನಿಂತರೆ ಅದರ ಬಲ ನಮ್ಮ ಎಡ, ನೋಡಿದ್ದರೂ ಮೋಸ ಹೋಗುತ್ತಿದ್ದೆ. ವಿಮಾನದ ಹಿಂದೆ ನಿಲ್ಲಬೇಕು, ಮೂತಿ ನಮ್ಮಿಂದ ಆಚೆ ಇರಬೇಕು. ಸ್ಟಿಕ್ ಬಲಕ್ಕೆ ಒತ್ತಿದರೆ ಬಲರೆಕ್ಕೆಯ ಪಟ್ಟಿ ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಮೇಲೆದ್ದ ಕಡೆ ರೆಕ್ಕೆಗೆ ಎತ್ತುವ ಬಲ ಕಡಿಮೆಯಾಗಿ ವಿಮಾನ ಆ ಕಡೆ ವಾಲುತ್ತದೆ. ನೆನಪಿಡೋಕೆ ಸುಲಭ: ಸ್ಟಿಕ್ ಯಾವ ಕಡೆ ಹೋಯ್ತೋ ಆ ಕಡೆಯ ಪಟ್ಟಿ ಎದ್ದು ನಿಂತಿರಬೇಕು.

ಅಕ್ಕನ ಮಗ ಓಡಿಬಂದು ಎಸೆದ. ವಿಮಾನ ಸ್ವಲ್ಪ ಎಡಕ್ಕೆ ವಾಲಿತು. ಬಲಕ್ಕೆ ಒತ್ತಿದೆ. ಇನ್ನೂ ಎಡಕ್ಕೆ ವಾಲಿತು. ಇನ್ನೂ ಜೋರಾಗಿ ಬಲಕ್ಕೆ ಒತ್ತಿದೆ. ಅಂಥ ಹೊತ್ತಲ್ಲಿ ಹೆಬ್ಬೆರಳು ಯೋಚನೆ ಮಾಡಲ್ಲ, ಕಲಿತದ್ದನ್ನೇ ಮಾಡುತ್ತದೆ. ನಾನೇ ಅದನ್ನು ಮನೆ ಕಡೆಗೆ ತಿರುಗಿಸುತ್ತಿದ್ದೇನೆ ಅಂತ ಗೊತ್ತಾಗುವಷ್ಟರಲ್ಲಿ ಅದು ಬೇಲಿ ದಾಟಿತ್ತು. ಥ್ರಾಟಲ್ (ಮೋಟಾರಿನ ವೇಗದ ಸ್ಟಿಕ್) ಇಳಿಸಿದ್ದು ನೆಲಕ್ಕೆ ಬಡಿದ ಮೇಲೆ. ಅಡಿಕೆ ಹರವುತ್ತಿದ್ದ ದೊಡ್ಡಮ್ಮನಿಂದ ಎರಡು ಮಾರು ದೂರದಲ್ಲಿ ಬಿತ್ತು. ಹತ್ತಿಂಚಿನ ಪ್ರೊಪೆಲ್ಲರ್ ಎರಡು ತುಂಡಾಗಿ, ಒಂದು ತುಂಡು ಅವರ ಸೀರೆ ನೆರಿಗೆಗೆ ಸಿಕ್ಕಿಕೊಂಡಿತ್ತು. ಅವರು ಅದನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ಒಂದು ಮಾತೂ ಆಡಲಿಲ್ಲ.

ಮೂಲೆ ಜಜ್ಜಿಹೋಗಿದ್ದ ಲಿಪೊ ಬ್ಯಾಟರಿಯನ್ನು ಒಳಗೆ ಒಯ್ಯದೆ ಕಲ್ಲಿನ ಮೇಲೆ ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಊದಿಕೊಂಡು ಹೊಗೆ ಬಂತು. ಅದೊಂದು ಸರಿ ಮಾಡಿದ್ದೆ. ಪಕ್ಕದಲ್ಲೇ ಒಣ ಸೋಗೆ ರಾಶಿ ಇತ್ತು.

ಈಗ ನಿಮ್ಮ ಗೈರೋ. ಅದು ಗಾಳಿಯ ತಳ್ಳಾಟ ತಡೆಯುತ್ತದೆ, ನಿಜ. ಆದರೆ ನನ್ನ ತಪ್ಪನ್ನು ಅದು ತಪ್ಪಿಸುತ್ತಿರಲಿಲ್ಲ, ಸ್ಟಿಕ್ ಉಲ್ಟಾ ಇದ್ದರೆ ಉಲ್ಟಾನೇ. ಗೈರೋದ ದಿಕ್ಕನ್ನೂ ಬೇರೆಯಾಗಿ ನೋಡಬೇಕು: ವಿಮಾನವನ್ನು ಕೈಯಲ್ಲಿ ಹಿಡಿದು ಬಲಕ್ಕೆ ವಾಲಿಸಿದರೆ ಬಲದ ಪಟ್ಟಿ ಕೆಳಗಿಳಿಯಬೇಕು. ಮೇಲೆದ್ದರೆ ಗೈರೋನೇ ವಿಮಾನ ಬೀಳಿಸುತ್ತದೆ. ಮೊದಲ ವಿಮಾನಕ್ಕೆ ಬೇಡ ಅಂತಲೇ ನನ್ನ ಅಭಿಪ್ರಾಯ. ಮನೆ ಹಿಂದಿನ ಗದ್ದೆಯಂತೂ ಖಂಡಿತ ಬೇಡ. ನಮ್ಮ ಮಲೆನಾಡಲ್ಲಿ ಗದ್ದೆ ಅಂದರೆ ಒಂದು ಕಡೆ ತೋಟ, ಒಂದು ಕಡೆ ಮನೆ, ಮಧ್ಯೆ ಕರೆಂಟ್ ತಂತಿ. ಸುತ್ತ ಯಾರೂ ಓಡಾಡದ ದೊಡ್ಡ ಬಯಲು ಹುಡುಕಿ, ದೂರವಾದರೂ ಸರಿ.

ಜಾಗ ಗೊತ್ತು ಮಾಡುವ ಮೊದಲು ಡಿಜಿಟಲ್ ಸ್ಕೈ ನಕ್ಷೆ ನೋಡಿ, ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ನಕ್ಷೆ ಅದು. ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ ಅಲ್ವಾ? 2021ರ ಡ್ರೋನ್ ನಿಯಮದಲ್ಲಿ ಮಾದರಿ ವಿಮಾನಗಳೂ ಬರುತ್ತವೆ. ನಕ್ಷೆಯಲ್ಲಿ ಕೆಂಪು ಇದ್ದ ಕಡೆ ಹೋಗಲೇಬೇಡಿ, ಹಸಿರು ಇದ್ದ ಕಡೆಯೂ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಲಿ.

ಹಿಂದಿನ ರಾತ್ರಿ ಪ್ರೊಪೆಲ್ಲರ್ ಬಿಚ್ಚಿಟ್ಟು ಎಲ್ಲ ನೋಡಿ ಮುಗಿಸಿ. ಮೊದಲು ಥ್ರಾಟಲ್ ಪೂರ್ತಿ ಕೆಳಗಿಟ್ಟು ರಿಮೋಟ್ ಆನ್ ಮಾಡಿ, ಪರದೆ ಮೇಲಿನ ವಿಮಾನದ ಹೆಸರು ಬಾಯಿಬಿಟ್ಟು ಓದಿ, ಆಮೇಲೆ ವಿಮಾನದ ಬ್ಯಾಟರಿ ಸಿಕ್ಕಿಸಿ. ಮೋಟಾರ್ ತಿರುಗುತ್ತಿರುವಾಗ ರಿಮೋಟ್ ಆಫ್ ಮಾಡಿ ನೋಡಿ, ಮೋಟಾರ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಫೇಲ್‌ಸೇಫ್ (ಸಿಗ್ನಲ್ ತಪ್ಪಿದರೆ ಮೋಟಾರ್ ನಿಲ್ಲಿಸುವ ಸೆಟ್ಟಿಂಗ್) ಸರಿ ಮಾಡುವವರೆಗೆ ಹಾರಿಸಬೇಡಿ. ಆಟ ಮುಗಿಸುವಾಗ ಕ್ರಮ ಉಲ್ಟಾ: ಮೊದಲು ಬ್ಯಾಟರಿ ಕೀಳಿ, ಆಮೇಲೆ ರಿಮೋಟ್ ಆಫ್. ಬ್ಯಾಟರಿ ಚಾರ್ಜಿಗೆ ಹಾಕಿ ಮಲಗಬೇಡಿ. ವಾರಗಟ್ಟಲೆ ಹಾರಿಸದಿದ್ದರೆ ಒಂದು ಸೆಲ್‌ಗೆ 3.8 ವೋಲ್ಟಿನ ಹತ್ತಿರ ಇಳಿಸಿಡಿ, 4.2ಕ್ಕೆ ತುಂಬಿಸಿ ಇಡಬೇಡಿ. ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ಸಮ ನಿಲ್ಲಬೇಕು. ಮೂತಿ ಒಂಚೂರು ಬಗ್ಗಿದರೆ ಪರವಾಗಿಲ್ಲ, ಬಾಲ ಬಗ್ಗಬಾರದು.

ಬೆಳಗ್ಗೆ ಮಂಜು ಪೂರ್ತಿ ಕರಗಿದ ಮೇಲೆ, ಗಾಳಿ ಏಳುವ ಮೊದಲು ಹೋಗಿ. ಗಾಳಿಗೆ ಎದುರಾಗಿ ಎಸೆಯಬೇಕು. ಎಸೆಯೋಕೆ ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ, ನಿಮ್ಮ ಎರಡೂ ಹೆಬ್ಬೆರಳು ಸ್ಟಿಕ್ ಮೇಲೇ ಇರಲಿ. ಕೈ ಬಿಡುವ ಮೊದಲು ಅವರು "ಬಲ" ಅನ್ನಲಿ, ನೀವು ಬಲಕ್ಕೆ ಒತ್ತಿ, ಬಲದ ಪಟ್ಟಿ ಎದ್ದಿದೆ ಅಂತ ಅವರು ಹಿಂದಿನಿಂದ ನೋಡಿ ಹೇಳಲಿ. ನಮ್ಮ ಅಕ್ಕನ ಮಗ ಈಗಲೂ ಹಾಗೆ ಹೇಳದೆ ವಿಮಾನ ಎಸೆಯಲ್ಲ.