ಫ್ಲರ್ಟ್ ಮಾಡೋದು ಎಲ್ಲಿಗೆ ಮುಗಿದು ಲೈಂಗಿಕ ಕಿರುಕುಳ ಎಲ್ಲಿಂದ ಶುರುವಾಗುತ್ತೆ?

ನಮ್ಮ ದೇಶದ ಕಾನೂನು ಮುಖ್ಯವಾಗಿ ನೋಡೋದು ಅದು ಆ ಹೆಣ್ಣುಮಗಳಿಗೆ ಬೇಕಿತ್ತಾ ಇಲ್ವಾ ಅಂತ. ಕಾಫಿಗೆ ಬರ್ತೀರಾ ಅಂತ ಒಂದ್ಸಲ ಮರ್ಯಾದೆಯಿಂದ ಕೇಳಿದ್ರೆ ಅಪರಾಧ ಅಲ್ಲ, ಆದ್ರೆ ಬೇಡ ಅಂತ ಸ್ಪಷ್ಟವಾಗಿ ಹೇಳಿದ ಮೇಲೂ ರಾತ್ರಿ ಹೊತ್ತು ವಾಟ್ಸಾಪ್ ಮಾಡ್ತಾ, ಬ್ಲಾಕ್ ಮಾಡಿದ್ರೆ ಇನ್ನೊಂದು ನಂಬರಿಂದ ಮೆಸೇಜ್ ಹಾಕ್ತಾ ಇದ್ರೆ ಅದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 78ನೇ ಸೆಕ್ಷನ್ ಪ್ರಕಾರ ಸ್ಟಾಕಿಂಗ್ ಅಂದ್ರೆ ಬೆನ್ನು ಹತ್ತಿ ಕಾಡೋದು, ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. ಇಷ್ಟ ಇಲ್ದೇ ಇದ್ರೂ ಪೋರ್ನ್ ತೋರಿಸೋದು, ಅಶ್ಲೀಲ ಕಾಮೆಂಟ್ ಹೊಡೆಯೋದು 75ನೇ ಸೆಕ್ಷನ್‌ಗೆ ಬರುತ್ತೆ. ಬಾಸ್ ಏನೋ ಅಂದಾಗ ಅವಳು ನಕ್ಕಳು ಅಂದ ಮಾತ್ರಕ್ಕೆ ಒಪ್ಪಿಗೆ ಅಂದ್ಕೋಬೇಡಿ, ಕೆಲಸ ಹೋಗುತ್ತೆ ಅನ್ನೋ ಭಯಕ್ಕೂ ನಗ್ತಾರೆ. ಆಫೀಸಲ್ಲಿ ಹೀಗಾದ್ರೆ 2013ರ ಪಾಶ್ ಕಾಯ್ದೆ (ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ ಕಾನೂನು) ಇದೆ, ಸಾಮಾನ್ಯವಾಗಿ 3 ತಿಂಗಳೊಳಗೆ ಇಂಥ ದೂರು ವಿಚಾರಿಸೋ ಆಫೀಸಿನ ಇಂಟರ್ನಲ್ ಕಮಿಟಿಗೆ ದೂರು ಬರೆದು ಕೊಡಬೇಕು, ಮೆಸೇಜ್‌ಗಳನ್ನ ದಯವಿಟ್ಟು ಡಿಲೀಟ್ ಮಾಡ್ಬೇಡಿ.