‘ವಾಟ್‌ಇಫ್’ ಕೊಟ್ಟರೂ ಅಳಿಸಿಹಾಕುವ ಕಮಾಂಡ್

ಪ್ರಶ್ನೆ: ನಮ್ಮ ದಾಸ್ತಾನು ತಂತ್ರಾಂಶಕ್ಕೆ ಸಿ ಶಾರ್ಪ್‌ನಲ್ಲಿ ಪವರ್‌ಶೆಲ್ ಕಮಾಂಡ್ ಬರೆಯುತ್ತಿದ್ದೇವೆ. ಐಟಂ ಅಳಿಸುವ ‘ರಿಮೂವ್’ ಕಮಾಂಡಿಗೆ ‘ಸಪೋರ್ಟ್ಸ್‌ಶುಡ್‌ಪ್ರೊಸೆಸ್’ ಎಂಬ ಗುಣಲಕ್ಷಣ ಹಾಕಿದ್ದೇವೆ. ಆದರೂ ‘ವಾಟ್‌ಇಫ್’ (ನಿಜಕ್ಕೂ ಮಾಡದೆ, ಏನಾಗುತ್ತಿತ್ತು ಎಂದಷ್ಟೇ ತೋರಿಸುವ ಸ್ವಿಚ್) ಕೊಟ್ಟಾಗ ಐಟಂ ನಿಜವಾಗಿಯೇ ಹೋಗುತ್ತದೆ, ‘ಅಳಿಸಲೇ?’ ಎಂದೂ ಕೇಳುವುದಿಲ್ಲ. ತಪ್ಪೆಲ್ಲಿ?

ಉತ್ತರ: ಆ ಗುಣಲಕ್ಷಣ ಹಾಕಿದರೆ ಕಮಾಂಡಿಗೆ ‘ವಾಟ್‌ಇಫ್’, ‘ಕನ್ಫರ್ಮ್’ (ಮಾಡುವ ಮೊದಲು ಕೇಳುವುದು) ಎಂಬ ಎರಡು ಸ್ವಿಚ್ ಬರುತ್ತವೆ, ಅಷ್ಟೇ. ಅಳಿಸುವ ಸಾಲನ್ನು ತಡೆಯುವುದು ನಿಮ್ಮ ಕೆಲಸ. ‘ಪ್ರೊಸೆಸ್‌ರೆಕಾರ್ಡ್’ (ಪೈಪ್‌ಲೈನ್‌ನಿಂದ ಬರುವ ಪ್ರತಿ ಐಟಂಗೂ ಓಡುವ ಮೆಥಡ್) ಒಳಗೆ, ಒಂದೊಂದು ಐಟಂಗೂ, ಅದರ ಹೆಸರು ಕೊಟ್ಟು, ಮುಂದುವರಿಯಬಹುದೇ ಎಂದು ಹೇಳುವ ‘ಶುಡ್‌ಪ್ರೊಸೆಸ್’ ಕರೆಯಿರಿ. ‘ಟ್ರೂ’ ಬಂದರೆ ಮಾತ್ರ ಅಳಿಸಿ.

ತಾನಾಗಿ ಕೇಳದಿರುವುದಕ್ಕೆ ಕಾರಣ ಬೇರೆ. ‘ಕನ್ಫರ್ಮ್‌ಇಂಪ್ಯಾಕ್ಟ್’ (ಕಮಾಂಡ್ ಎಷ್ಟು ಅಪಾಯದ್ದು ಎಂಬ ಮಟ್ಟ) ಬರೆಯದಿದ್ದರೆ ಅದು ‘ಮೀಡಿಯಂ’. ಬಳಕೆದಾರರ ‘ಕನ್ಫರ್ಮ್‌ಪ್ರಿಫರೆನ್ಸ್’ (ಯಾವ ಮಟ್ಟದಿಂದ ಕೇಳಬೇಕೆಂಬ ಸೆಟ್ಟಿಂಗ್) ಮೊದಲಿಂದ ‘ಹೈ’ ಇರುತ್ತದೆ. ಮೊದಲಿನದು ಎರಡನೆಯದಕ್ಕೆ ಸಮ ಅಥವಾ ಮೇಲಿದ್ದರಷ್ಟೇ ಪ್ರಶ್ನೆ ಏಳುತ್ತದೆ. ಹಾಗಾಗಿ ‘ಹೈ’ ಎಂದು ಬರೆಯಿರಿ. ರಾತ್ರಿ ತಾನೇ ಓಡುವ ಸ್ಕ್ರಿಪ್ಟ್‌ಗಳಲ್ಲಿ ಮಾತ್ರ ‘ಕನ್ಫರ್ಮ್’ಗೆ ‘ಫಾಲ್ಸ್’ ಕೊಡಲು ಮರೆಯಬೇಡಿ. ಉತ್ತರಿಸಲು ಎದುರಿಗೆ ಯಾರೂ ಇರುವುದಿಲ್ಲವಲ್ಲ.

ಬಿಲ್‌ಗಳಿಗೆ ಕೊಂಡಿ ಇರುವ ಐಟಂಗೆ ಇನ್ನೊಂದು ಎಚ್ಚರಿಕೆ ಬೇಕಿದ್ದರೆ, ಪ್ರತ್ಯೇಕವಾಗಿ ಕೇಳುವ ‘ಶುಡ್‌ಕಂಟಿನ್ಯೂ’ ಇದೆ. ‘ಕನ್ಫರ್ಮ್’ಗೆ ‘ಫಾಲ್ಸ್’ ಕೊಟ್ಟರೂ ಅದು ಸುಮ್ಮನಾಗದು, ಆದ್ದರಿಂದ ಜೊತೆಗೆ ಆ ಪ್ರಶ್ನೆಯನ್ನು ಬಿಟ್ಟು ಮುಂದುವರಿಯುವ ‘ಫೋರ್ಸ್’ ಸ್ವಿಚ್ ಇಡಲೇಬೇಕು. ಬಹಳ ಮಂದಿ ಎಡವುವುದು ಇಲ್ಲೇ: ‘ಫೋರ್ಸ್ ಅಥವಾ ಶುಡ್‌ಪ್ರೊಸೆಸ್’ ಎಂದು ಒಂದೇ ಷರತ್ತಿನಲ್ಲಿ ಬರೆದುಬಿಡುತ್ತಾರೆ. ಆಗ ‘ಫೋರ್ಸ್’ ಜೊತೆ ‘ವಾಟ್‌ಇಫ್’ ಕೊಟ್ಟವರ ಐಟಂ ಮಾಯ. ಹೊರಗೆ ‘ಶುಡ್‌ಪ್ರೊಸೆಸ್’, ಅದರೊಳಗೆ ‘ಫೋರ್ಸ್ ಅಥವಾ ಶುಡ್‌ಕಂಟಿನ್ಯೂ’, ಅದರೊಳಗೆ ಅಳಿಸುವ ಸಾಲು. ಈ ಕ್ರಮ ಬದಲಾಗಕೂಡದು. ‘ಎಲ್ಲಕ್ಕೂ ಹೌದು’, ‘ಎಲ್ಲಕ್ಕೂ ಬೇಡ’ ಎಂಬ ಉತ್ತರ ಹಿಡಿದಿಡುವ ಎರಡು ಬೂಲಿಯನ್‌ಗಳನ್ನು ಕ್ಲಾಸ್‌ನ ಫೀಲ್ಡ್ ಮಾಡಿ. ಮೆಥಡ್ ಒಳಗಿಟ್ಟರೆ ಪ್ರತಿ ಐಟಂಗೂ ಮತ್ತೆ ಕೇಳುತ್ತದೆ.

ಪ್ರಶ್ನೆ: ಐಟಂ ಪಟ್ಟಿ ಕೊಡುವ ‘ಗೆಟ್’ ಕಮಾಂಡಿನಿಂದ ‘ರಿಮೂವ್’ಗೆ ಪೈಪ್ ಮಾಡಿದರೆ (ನೇರ ಹರಿಸಿದರೆ) ಒಂದೇ ಐಟಂ ಅಳಿಸಿ ‘ಕಲೆಕ್ಷನ್ ವಾಸ್ ಮಾಡಿಫೈಡ್’ (ಪಟ್ಟಿ ಬದಲಾಗಿದೆ) ಎಂದು ನಿಲ್ಲುತ್ತದೆ.

ಉತ್ತರ: ಪೈಪ್‌ಲೈನ್‌ನಲ್ಲಿ ಒಂದು ಮುಗಿದ ಮೇಲೆ ಇನ್ನೊಂದು ಅಲ್ಲ, ‘ಗೆಟ್’ ಒಂದು ಐಟಂ ಕೊಟ್ಟ ಕೂಡಲೇ ‘ರಿಮೂವ್’ ಅದನ್ನು ಅಳಿಸುತ್ತದೆ. ‘ಗೆಟ್’ ಇನ್ನೂ ಅದೇ ಪಟ್ಟಿಯ ಮಧ್ಯದಲ್ಲಿರುತ್ತದೆ. ‘ಗೆಟ್’ನಲ್ಲಿ ‘ಟುಲಿಸ್ಟ್’ನಿಂದ ಪ್ರತಿ ಮಾಡಿಕೊಂಡು ಅದರ ಮೇಲೆ ಲೂಪ್ ನಡೆಸಿ. ಇನ್ನು, ಐಟಂ ಸಿಗದಿದ್ದಾಗ ಎಕ್ಸೆಪ್ಷನ್ ಎಸೆಯಬೇಡಿ, ಉಳಿದವೂ ನಿಂತುಹೋಗುತ್ತವೆ. ದೋಷವನ್ನು ವರದಿ ಮಾಡುವ ‘ರೈಟ್‌ಎರರ್’ಗೆ ‘ಆಬ್ಜೆಕ್ಟ್‌ನಾಟ್‌ಫೌಂಡ್’ ಎಂಬ ದೋಷ ವರ್ಗ ಕೊಟ್ಟು ಮುಂದಿನ ಐಟಂಗೆ ಹೋಗಿ.