ಅಕ್ಕಲಕೋಟೆಯಿಂದ ಕಾಸರಗೋಡಿಗೆ ಸಂಸಾರ ಸಮೇತ ಬರಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನವರು. ನಿಮ್ಮ ಯಜಮಾನರಿಗೆ ಬ್ಯಾಂಕಿನಲ್ಲಿ ಕಾಸರಗೋಡಿಗೆ ವರ್ಗವಾಗಿದೆ. ಮಗಳು ಈಗ ಏಳನೇ ತರಗತಿ ಮುಗಿಸುತ್ತಿದ್ದಾಳೆ, ಮಗ ಮೂರನೇ ತರಗತಿ. ಇಬ್ಬರೂ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಹೋಗುತ್ತಿದ್ದಾರೆ. ಮನೆಯಲ್ಲಿ ಅತ್ತೆ ಇದ್ದಾರೆ, ನಾದಿನಿ ಅದೇ ಊರಲ್ಲಿದ್ದಾರೆ, ಸ್ವಲ್ಪ ಹೊಲವೂ ಇದೆ. ಎಲ್ಲರೂ ಹೋಗಬೇಕೋ, ಅವರೊಬ್ಬರೇ ಹೋದರೆ ಸಾಕೋ ಅಂತ ಕೇಳಿದ್ದೀರಿ.

ಮಕ್ಕಳನ್ನು ಕರೆದುಕೊಂಡು ಈ ಜೂನ್‌ನಲ್ಲೇ ಬನ್ನಿ. ಅತ್ತೆಯವರನ್ನು ಮಾತ್ರ ಮಳೆ ಮುಗಿದ ಮೇಲೆ, ನವರಾತ್ರಿ ಹೊತ್ತಿಗೆ ಕರೆಸಿಕೊಳ್ಳಿ. ಹೊಲ ಮಾರಬೇಡಿ, ಇಲ್ಲಿ ಜಾಗ ಕೊಳ್ಳಲೂ ಹೋಗಬೇಡಿ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ನಮ್ಮವರದೂ ಬ್ಯಾಂಕ್ ಕೆಲಸವೇ. ಅವರ ವರ್ಗದ ಜೊತೆ ಸೊಲ್ಲಾಪುರಕ್ಕೆ ಹೋಗಿ ಅಲ್ಲಿ ಹಲವು ವರ್ಷ ಸಂಸಾರ ಮಾಡಿದ್ದೇವೆ. ಅತ್ತೆ, ಮಕ್ಕಳು ಎಲ್ಲರೂ ಜೊತೆಗಿದ್ದರು. ಹಾಗಾಗಿ ನೀವು ಬರಲಿರುವ ದಾರಿಯನ್ನು ನಾನು ಆ ಕಡೆಗೆ ನಡೆದು ನೋಡಿದ್ದೇನೆ.

ಮೊದಲು ಮಗಳ ವಿಚಾರ. ನಿಮ್ಮ ನಿರ್ಧಾರ ನಿಂತಿರುವುದೇ ಅದರ ಮೇಲೆ. ಅಲ್ಲಿ ನಿಮ್ಮೂರಿನ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ ಅಂತ ಬರೆದಿದ್ದೀರಿ. ಅಂದರೆ ಅಲ್ಲೇ ಉಳಿದರೂ ಅವಳು ಹೊಸ ಶಾಲೆಗೇ ಹೋಗಬೇಕು. ಕೇರಳದಲ್ಲಿ ಹೈಸ್ಕೂಲು ಶುರುವಾಗುವುದು ಎಂಟರಿಂದ. ತರಗತಿಯಲ್ಲಿ ಬೇರೆ ಬೇರೆ ಶಾಲೆಯಿಂದ ಬಂದ ಮಕ್ಕಳೂ ಇರುತ್ತಾರೆ, ಇವಳೊಬ್ಬಳೇ ಹೊಸಬಳು ಅಂತ ಆಗುವುದಿಲ್ಲ. ಎಂಟು, ಒಂಬತ್ತು, ಹತ್ತು ಒಂದೇ ಕಡೆ ಮುಗಿಯುತ್ತದೆ. ಈ ಜೂನ್ ಬಿಟ್ಟು ಒಂಬತ್ತನೇ ತರಗತಿಗೆ ಕರೆತರುವುದಾದರೆ ಬೇಡವೇ ಬೇಡ, ಆಗ ಹತ್ತು ಮುಗಿಯುವ ತನಕ ಅಲ್ಲೇ ಇರಲಿ. ಮಗನಿಗೆ ಯಾವ ವರ್ಷವಾದರೂ ಸರಿ, ಆ ವಯಸ್ಸಿನವರು ಬೇಗ ಹೊಂದಿಕೊಳ್ಳುತ್ತಾರೆ.

ಕಾಸರಗೋಡಿನಲ್ಲಿ ಒಂದನೇ ತರಗತಿಯಿಂದ ಹತ್ತರವರೆಗೆ ಕನ್ನಡ ಮಾಧ್ಯಮ ಇದೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲೇ ಬರುತ್ತದೆ. ಇದೇನೂ ಹೊಸದಾಗಿ ಕೊಟ್ಟ ಸೌಲಭ್ಯ ಅಲ್ಲ. 1956ರ ನವೆಂಬರ್ 1ರ ತನಕ ಈ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯದ್ದು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಪಾಠ ಹೇಳಿದ ಪೆರಡಾಲದ ನವಜೀವನ ಶಾಲೆ ಬದಿಯಡ್ಕದಲ್ಲೇ ಇದೆ. ನೀರ್ಚಾಲಿನ ಮಹಾಜನ ಶಾಲೆ ನೂರು ವರ್ಷ ದಾಟಿದೆ. ನಿಮ್ಮ ಊರಿಗೂ ನಮ್ಮ ಊರಿಗೂ ಒಂದು ಹಳೆಯ ನಂಟೂ ಇದೆ. ರಾಜ್ಯಗಳ ಗಡಿ ತಗಾದೆ ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರ ವರದಿಯಲ್ಲಿ ಅಕ್ಕಲಕೋಟೆ ಕರ್ನಾಟಕಕ್ಕೆ ಬರಬೇಕು ಅಂತ ಹೇಳಿತ್ತು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಕಾಸರಗೋಡೂ ಬರಬೇಕು ಅಂತ ಅದೇ ವರದಿ ಹೇಳಿತ್ತು. ಎರಡೂ ಬರಲಿಲ್ಲ.

ಆ ಚಂದ್ರಗಿರಿ ಹೊಳೆ ಇವತ್ತಿಗೂ ಲೆಕ್ಕಕ್ಕೆ ಬರುತ್ತದೆ. ಕನ್ನಡ ಶಾಲೆಗಳು ದಟ್ಟವಾಗಿರುವುದು ಹೊಳೆಯ ಉತ್ತರಕ್ಕೆ: ಕುಂಬಳೆ, ಬದಿಯಡ್ಕ, ನೀರ್ಚಾಲು, ಪೆರ್ಲ, ಉಪ್ಪಳ, ಮಂಜೇಶ್ವರ ಈ ಕಡೆ. ದಕ್ಷಿಣಕ್ಕೆ ಕಾಞಂಗಾಡು, ನೀಲೇಶ್ವರ ಕಡೆ ಹೋದಂತೆ ಬಹುತೇಕ ಎಲ್ಲವೂ ಮಲಯಾಳಂ. ಅದಕ್ಕೇ ಹೇಳುವುದು, ಮೊದಲು ಶಾಲೆ ಗೊತ್ತು ಮಾಡಿ, ಆಮೇಲೆ ಮನೆ. ಬ್ಯಾಂಕಿಗೆ ಹತ್ತಿರ ಅಂತ ಹೊಳೆಯ ಆಚೆ ಮನೆ ಹಿಡಿದರೆ ಮಕ್ಕಳ ಕನ್ನಡ ಮಾಧ್ಯಮ ಅಲ್ಲಿಗೆ ನಿಂತಿತು ಅಂತ ಲೆಕ್ಕ.

ಶಾಲೆಗೆ ಹೋದಾಗ ಒಂದು ಪ್ರಶ್ನೆ ನೇರವಾಗಿ ಕೇಳಿ. ಗಣಿತ, ವಿಜ್ಞಾನ, ಸಮಾಜ ಹೇಳುವ ಟೀಚರುಗಳಿಗೆ ಕನ್ನಡ ಬರುತ್ತದಾ? ಹೀಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದ್ದಕ್ಕೆ ಇಲ್ಲಿನ ತಂದೆ ತಾಯಂದಿರು ಶಾಲೆಯ ಮುಂದೆ ಕೂತು ಪ್ರತಿಭಟಿಸಿದ್ದಾರೆ, ಕೋರ್ಟಿಗೂ ಹೋಗಿದ್ದಾರೆ. ಬೋರ್ಡಿನ ಮೇಲೆ ಕನ್ನಡ ಮಾಧ್ಯಮ ಅಂತ ಬರೆದಿದ್ದರೆ ಸಾಲದು, ತರಗತಿಯ ಒಳಗೂ ಅದು ಇರಬೇಕು. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾಯ್ದೆ ತಂದಾಗಲೂ ಇಲ್ಲಿ ದೊಡ್ಡ ಗಲಾಟೆ ಆಯಿತು. ಆ ಪ್ರತಿಭಟನೆಗಳನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ನಿಮ್ಮ ಮಕ್ಕಳಿಗೆ ಮಲಯಾಳಂ ಕಲಿಯಬೇಡಿ ಅಂತ ಮಾತ್ರ ಹೇಳಬೇಡಿ. ಅವರು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡಿಕೊಂಡೇ ಬೆಳೆದವರು. ಇನ್ನೊಂದು ಭಾಷೆ ಅವರಿಗೆ ಹೊರೆ ಆಗುವುದಿಲ್ಲ. ಕಾಸರಗೋಡಿನ ಸರ್ಕಾರಿ ಕಚೇರಿಗಳಲ್ಲಿ ಕನ್ನಡ, ಮಲಯಾಳಂ ಎರಡೂ ಬಲ್ಲವರಿಗೆಂದೇ ಪಿಎಸ್‌ಸಿ ಮೂಲಕ ಕ್ಲರ್ಕ್ ಹುದ್ದೆ ತುಂಬುತ್ತಾರೆ.

ಈಗ ನಷ್ಟದ ಮಾತು. ಮಹಾರಾಷ್ಟ್ರದ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳ ರಾಜ್ಯ ಕೋಟಾಕ್ಕೆ ಸಾಮಾನ್ಯವಾಗಿ ಹತ್ತನೆಯದೂ ಹನ್ನೆರಡನೆಯದೂ ಅಲ್ಲೇ ಪಾಸಾಗಿರಬೇಕು. ಹತ್ತು ಇಲ್ಲಿ ಮಾಡಿದರೆ ಮಗಳಿಗೆ ಆ ದಾರಿ ಕಿರಿದಾಗುತ್ತದೆ. ಮೀಸಲಾತಿಯೂ ಊರು ಬದಲಾದ ಹಾಗೆ ಜೊತೆಗೆ ಬರುವುದಿಲ್ಲ. ಬೇರೆ ರಾಜ್ಯಕ್ಕೆ ಹೋದ ಪರಿಶಿಷ್ಟ ಜಾತಿ, ಪಂಗಡದವರು ಅಲ್ಲಿನ ರಾಜ್ಯ ಮೀಸಲಾತಿ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲೂ ಹೇಳಿದೆ. ಹಿಂದುಳಿದ ವರ್ಗದ ಪಟ್ಟಿಯೂ ರಾಜ್ಯಕ್ಕೊಂದು. ಈ ಎರಡು ವಿಷಯ ನಿಮ್ಮ ಮನೆಗೆ ದೊಡ್ಡದಾದರೆ ನನ್ನ ಸಲಹೆಯನ್ನು ಪಕ್ಕಕ್ಕಿಡಿ. ಯಜಮಾನರೊಬ್ಬರೇ ಬರಲಿ, ಅದರಲ್ಲಿ ತಪ್ಪೇನಿಲ್ಲ.

ಯಜಮಾನರ ಹತ್ತಿರ ಇನ್ನೊಂದು ಮಾತು ಕೇಳಬೇಕು. ಕಾಸರಗೋಡಿನ ನಂತರ ಎಲ್ಲಿಗೆ? ಬ್ಯಾಂಕಿನವರು ಮೂರು ನಾಲ್ಕು ವರ್ಷಕ್ಕೆ ಮತ್ತೆ ಎತ್ತಿ ಹಾಕುತ್ತಾರೆ ಅಲ್ವಾ? ಮುಂದಿನದು ಪಾಲಕ್ಕಾಡೋ ಕೊಟ್ಟಾಯಮೋ ಆದರೆ ಅಲ್ಲಿ ಕನ್ನಡ ಶಾಲೆ ಹುಡುಕುವ ಹಾಗಿಲ್ಲ. ಮಗಳು ಎಂಟಕ್ಕೆ ಸೇರಿದರೆ ಅಷ್ಟರಲ್ಲಿ ಹತ್ತು ಮುಗಿದಿರುತ್ತದೆ. ನಾನು ಈ ಜೂನ್‌ಗೇ ಅಂತ ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಅತ್ತೆಯವರ ವಿಷಯದಲ್ಲಿ ನನಗೆ ಹೇಳುವುದು ಜಾಸ್ತಿ ಇದೆ. ಹವಾಮಾನ, ಊಟ ಇವುಗಳ ಬಗ್ಗೆ ನೀವು ಕೇಳಿದ್ದೀರಿ. ಆದರೆ ಎರಡು ಊರಿನ ನಡುವೆ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇರುವುದು ಮನೆಗಳು ಕೂತಿರುವ ರೀತಿಯಲ್ಲಿ. ನಿಮ್ಮ ಕಡೆ ಹಳ್ಳಿ ಅಂದರೆ ಗೋಡೆಗೆ ಗೋಡೆ ತಾಗಿದ ಮನೆಗಳು. ಹೊಲ ಊರ ಹೊರಗೆ. ಬಾಗಿಲು ತೆಗೆದರೆ ಓಣಿ, ಕಟ್ಟೆ, ಹೋಗಿ ಬರುವ ಜನ. ಸೊಲ್ಲಾಪುರದಲ್ಲಿ ನಮ್ಮ ಅತ್ತೆಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಬಾಗಿಲಲ್ಲಿ ಕೂತರೆ ಸಾಕು, ಸಂಜೆಯೊಳಗೆ ಓಣಿಯ ಸುದ್ದಿಯೆಲ್ಲ ಅವರಿಗೆ ಗೊತ್ತಾಗುತ್ತಿತ್ತು. ಅಕ್ಕಪಕ್ಕದವರು ಕನ್ನಡದವರೇ. ರೊಟ್ಟಿ ಬಡಿಯುವಾಗ ಇವರಿಗೂ ಒಂದು ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಪ್ಪದೆ ಬರುತ್ತಿತ್ತು. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಸಿದ್ಧರಾಮೇಶ್ವರನ ನಂದಿಕೋಲು ನೋಡಲು ಓಣಿಯ ಹೆಂಗಸರೇ ಅವರನ್ನು ಕೈಹಿಡಿದು ಕರೆದೊಯ್ದರು.

ಇಲ್ಲಿ ಹಾಗಿಲ್ಲ. ನಮ್ಮಲ್ಲಿ ಮನೆಗಳು ಅವರವರ ತೋಟದ ನಡುವೆ ಇರುತ್ತವೆ. ಪಕ್ಕದ ಮನೆಗೆ ಹೋಗಬೇಕೆಂದರೆ ಗುಡ್ಡ ಇಳಿದು ತೋಡು, ಅಂದರೆ ಸಣ್ಣ ಹಳ್ಳ, ದಾಟಬೇಕು. ಜನ ಒಳ್ಳೆಯವರು, ಕಷ್ಟ ಅಂದರೆ ಓಡಿ ಬರುತ್ತಾರೆ. ಆದರೆ ಸುಮ್ನೆ ಬಂದು ಕೂರುವ ಪದ್ಧತಿ ಕಡಿಮೆ. ಮಳೆಗಾಲದಲ್ಲಿ ಅದೂ ಇಲ್ಲ. ಅರವತ್ತು ದಾಟಿದ, ಓಣಿಯಲ್ಲೇ ಬದುಕಿದ ಹೆಂಗಸನ್ನು ಜೂನ್ ತಿಂಗಳಲ್ಲಿ ತಂದು ತೋಟದ ಒಂಟಿ ಮನೆಯಲ್ಲಿ ಕೂರಿಸಿದರೆ ಅವರು ಸೊರಗುತ್ತಾರೆ. ನೀವು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಅವರ ಜೊತೆ ಮಾತಾಡಲು ಯಾರೂ ಇರುವುದಿಲ್ಲ. ಟಿವಿ ಇದಕ್ಕೆ ಪರಿಹಾರ ಅಲ್ಲ.

ಆದ್ದರಿಂದ ಹಸಿರು ನೋಡಿ ಮನೆ ಹಿಡಿಯಬೇಡಿ. ಬದಿಯಡ್ಕ ಅಥವಾ ಕುಂಬಳೆ ಪೇಟೆಯ ಹತ್ತಿರ, ನಾಲ್ಕಾರು ಬಾಡಿಗೆ ಮನೆಗಳು ಸಾಲಾಗಿರುವ ಕಡೆ ನೋಡಿ. ನಡೆದು ಹೋಗುವ ದೂರದಲ್ಲಿ ಒಂದು ದೇವಸ್ಥಾನ ಇರಲಿ, ಒಂದು ಅಂಗಡಿ ಇರಲಿ. ಬೇರೆ ಕಡೆಯಿಂದ ಬಂದವರು ಇರುವ ಜಾಗವಾದರೆ ಇನ್ನೂ ಒಳ್ಳೆಯದು, ಅವರಿಗೂ ಮಾತಿಗೆ ಜನ ಬೇಕಿರುತ್ತದೆ. ನಮ್ಮ ಕನ್ನಡ ನಿಮ್ಮ ಅತ್ತೆಗೆ ಮೊದಲು ಪುಸ್ತಕ ಓದಿದ ಹಾಗೆ ಕೇಳಬಹುದು, ಒಂದು ತಿಂಗಳಲ್ಲಿ ಸರಿಹೋಗುತ್ತದೆ. ಅಕ್ಟೋಬರ್‌ನಲ್ಲಿ ಬಂದರೆ ಫೆಬ್ರವರಿ ತನಕ ಇಲ್ಲಿನ ಒಳ್ಳೆಯ ದಿನಗಳು ಸಿಗುತ್ತವೆ. ಯಕ್ಷಗಾನ, ಕೋಲ, ಜಾತ್ರೆ ಎಲ್ಲ ಆಗಲೇ. ಹಿಡಿಸಿದರೆ ಇರಲಿ. ಇಲ್ಲವಾದರೆ ನಾದಿನಿಯ ಹತ್ತಿರ ಹೋಗಿ ಬಂದು ಇರಲಿ, ಅದನ್ನು ಜಗಳ ಮಾಡಿಕೊಳ್ಳಬೇಡಿ.

ಮಳೆ ಬಗ್ಗೆ ಕೇಳಿದ್ದೀರಿ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುತ್ತದೆ. ಅದರ ಐದರಲ್ಲೊಂದು ಪಾಲು ಬಿದ್ದರೆ ನಿಮ್ಮಲ್ಲಿ ಒಳ್ಳೆಯ ವರ್ಷ. ಜೂನ್, ಜುಲೈನಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ, ಕರೆಂಟು ಹೋಗುತ್ತದೆ. ಜೋಳದ ಹಿಟ್ಟನ್ನು ಒಂದು ವರ್ಷಕ್ಕೆ ಅಂತ ತರಬೇಡಿ, ಹುಳ ಬೀಳುತ್ತದೆ. ಕಡಕ್ ರೊಟ್ಟಿಯನ್ನು ಗಾಳಿ ಆಡದ ಡಬ್ಬಿಯಲ್ಲಿ ಹಾಕಿಡಿ, ಹೊರಗಿಟ್ಟರೆ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಇಲ್ಲಿ 34 ಡಿಗ್ರಿ ಅಷ್ಟೇ ಅಂತ ನಂಬಿ ಬರಬೇಡಿ. ಸೊಲ್ಲಾಪುರದ 42ರಲ್ಲಿ ನೆರಳಿಗೆ ಹೋದರೆ ಜೀವ ತಣ್ಣಗಾಗುತ್ತಿತ್ತು. ಇಲ್ಲಿ ನೆರಳಲ್ಲೂ ಬೆವರು ಇಳಿಯುತ್ತದೆ.

ಇಷ್ಟು ಮಳೆ ಬಂದೂ ಏಪ್ರಿಲ್, ಮೇನಲ್ಲಿ ನೀರಿಗೆ ಪರದಾಡುವ ಜಾಗಗಳಿವೆ. ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಮುರಕಲ್ಲಿನ ನೆಲ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಹೊಳೆಗಳು ಚಿಕ್ಕವು, ಬಿದ್ದದ್ದು ಬೇಗ ಸಮುದ್ರ ಸೇರುತ್ತದೆ. ಹಿಂದಿನವರು ಅದಕ್ಕೇ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತೆಗೆಯುತ್ತಿದ್ದರು. ನಮ್ಮ ಮನೆಯಲ್ಲಿ ಇವತ್ತಿಗೂ ಕುಡಿಯಲು ಸುರಂಗದ ನೀರೇ. ಬಾಡಿಗೆ ಮನೆ ನೋಡುವಾಗ ಬಾವಿಯಲ್ಲಿ ಮೇ ತಿಂಗಳಿಗೆ ನೀರು ಇರುತ್ತದಾ ಅಂತ ಪಕ್ಕದ ಮನೆಯವರನ್ನು ಕೇಳಿ. ಮನೆ ಮಾಲೀಕರು ಇದೆ ಅಂತಲೇ ಹೇಳುತ್ತಾರೆ.

ಆಸ್ಪತ್ರೆಯ ವಿಚಾರದಲ್ಲಿ ನಿಮ್ಮ ಕಡೆಯೇ ಮೇಲು. ನಿಮಗೆ ಸೊಲ್ಲಾಪುರ ಹತ್ತಿರ, ಅಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಯೇ ಇದೆ. ನಾವು ದೊಡ್ಡ ಕಾಯಿಲೆಗೆಲ್ಲ ಮಂಗಳೂರಿಗೆ ಓಡುತ್ತೇವೆ. ಕಾಸರಗೋಡಿನಿಂದ ಅದು 50 ಕಿಲೋಮೀಟರ್. ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು, ಕೆಲಸ ವರ್ಷಗಟ್ಟಲೆ ಕುಂಟಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆಂಬ್ಯುಲೆನ್ಸ್‌ಗಳೂ ನಿಂತವು, ಚಿಕಿತ್ಸೆ ಸಿಗದೆ ಜನ ಸತ್ತರು. ಆ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಅತ್ತೆಯವರಿಗೆ ಹೃದಯದ ತೊಂದರೆಯೋ ಡಯಾಲಿಸಿಸೋ ಇದ್ದರೆ ಇದನ್ನು ಮೊದಲು ಯೋಚಿಸಿ.

ಹೊಲವನ್ನು ಲಾವಣಿಗೋ (ಗೇಣಿಗೆ) ಪಾಲಿಗೋ ನಂಬಿಕೆಯವರಿಗೆ ಕೊಡಿ. ಬೆಳೆ ದಾಖಲಿಸುವ ಇ-ಪೀಕ ಪಾಹಣಿಯನ್ನು ಮೊಬೈಲಿನಲ್ಲಿ ಹೊಲದಲ್ಲೇ ನಿಂತು ಮಾಡಬೇಕು. ಅದನ್ನು ಯಾರು ಮಾಡುತ್ತಾರೆ ಅಂತ ಹೊರಡುವ ಮೊದಲೇ ಗೊತ್ತು ಮಾಡಿ. ಬೆಳೆ ಹಾನಿಯ ಪರಿಹಾರ ಕೇಳುವಾಗ ಸಾತಬಾರಾದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಬೆಳೆ ದಾಖಲಾಗಿರಬೇಕು. ಊರಿಗೆ ಹೋಗಿ ಬರಲು ಮಂಗಳೂರಿನಿಂದ ವಿಜಯಪುರಕ್ಕೆ ರೈಲಿದೆ, ಅಲ್ಲಿಂದ ಸೊಲ್ಲಾಪುರ ದೂರವಲ್ಲ.

ಕೊನೆಗೆ ಒಂದು ಕಾಗದದ ಕೆಲಸ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅಂತ ಒಂದು ಅರ್ಹತೆಯ ನಿಯಮ ಇದೆ. ಅದರಲ್ಲಿ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್, ಗಡಹಿಂಗ್ಲಜ ತಾಲೂಕುಗಳ ಹೆಸರಿದೆ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಹೆಸರೂ ಇದೆ. ಮಗಳಿಗೆ ಮುಂದೆ ಕರ್ನಾಟಕದಲ್ಲಿ ಸೀಟು ಬೇಕಾದರೆ ಓದಿದ ವರ್ಷಗಳ ದಾಖಲೆ ಕೇಳುತ್ತಾರೆ. ಟಿಸಿ ತೆಗೆಯುವ ದಿನವೇ ಒಂದರಿಂದ ಏಳರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ ಅಂತ ಮುಖ್ಯೋಪಾಧ್ಯಾಯರ ಸಹಿ, ಮೊಹರು ಹಾಕಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಅದಕ್ಕಾಗಿ ಮತ್ತೆ ಅಷ್ಟು ದೂರ ಹೋಗುವುದು ಕಷ್ಟ. ಯಜಮಾನರ ಶಾಖೆ ಯಾವ ಊರಲ್ಲಿ ಅಂತ ಗೊತ್ತಾದಾಗ ತಿಳಿಸಿ, ಹತ್ತಿರದ ಶಾಲೆಗಳಲ್ಲಿ ಟೀಚರುಗಳು ಹೇಗೆ ಅಂತ ನಾನೇ ವಿಚಾರಿಸಿ ಹೇಳುತ್ತೇನೆ.